ಅಳತೆಯಜ್ಜಿಯ ಅಂಗೈ

ಆ ಊರಿಗೆ ದಾರಿ ಕೇಳಬೇಡಿ. ಹೇಳಬಲ್ಲೆ, ಆದರೆ ನೀವು ಹೋಗುವವರಲ್ಲ. ಹೋದರೂ ಅಲ್ಲಿಯ ಸಂತೆಯಲ್ಲಿ ಒಂದು ಹಿಡಿ ಕಡಲೆಕಾಯಿ ಕೊಳ್ಳಲಾರದೆ ತಲೆ ಕೆರೆದುಕೊಂಡು ನಿಲ್ಲುತ್ತೀರಿ. ಅಲ್ಲಿ ಬೆಲೆಯನ್ನು ಯಾರೂ ಬಾಯಲ್ಲಿ ಹೇಳುವುದಿಲ್ಲ. ಬೆಲೆ ಗಾಳಿಯಲ್ಲಿ ತೇಲುತ್ತದೆ.

ನಿಜವಾಗಿಯೂ ತೇಲುತ್ತದೆ. ರಾಗಿಯ ರಾಶಿಯ ಮೇಲೆ ರಾಗಿಯ ಬೆಲೆ, ಬೆಲ್ಲದ ಅಚ್ಚಿನ ಮೇಲೆ ಬೆಲ್ಲದ ಬೆಲೆ, ಸೀರೆಯ ಮೇಲೆ ಸೀರೆಯದು, ಮಡಕೆಯ ಮೇಲೆ ಮಡಕೆಯದು. ಬೂರುಗದ ಕಾಯಿ ಒಡೆದಾಗ ಹಾರುವ ಅರಳೆಯಂಥ ಒಂದೊಂದು ಉಂಡೆ, ಸರಕಿನ ಬಣ್ಣವನ್ನೇ ಹೊತ್ತು, ಸರಕಿನ ನೆತ್ತಿಯ ಮೇಲೆ ಆಡುತ್ತಿರುತ್ತದೆ. ಕೊಳ್ಳುವವರು ಬದಲಿಗೆ ಕೊಡಲು ತಾವು ತಂದದ್ದನ್ನು ಒಪ್ಪಿಸಿ, ಎರಡೂ ಹಿಮ್ಮಡಿ ನೆಲಕ್ಕೆ ಊರಿ, ಕೈ ಎತ್ತಿ ಆ ಉಂಡೆಯನ್ನು ಮುಟ್ಟಬೇಕು. ಮುಟ್ಟಿದ ಕೈಗೆ ಒಂದು ಸೇರು. ಮುಟ್ಟದ ಕೈಗೆ ಮುಂದಿನ ಸಂತೆ. ಮಣೆ ಹಾಕಿಕೊಳ್ಳುವ ಹಾಗಿಲ್ಲ, ಕೋಲು ಹಿಡಿಯುವ ಹಾಗಿಲ್ಲ, ಮುಟ್ಟುವಾಗ ನೆಗೆಯುವ ಹಾಗಿಲ್ಲ.

ಹಾಗಾದರೆ ಉದ್ದವಿದ್ದವರದೇ ದರ್ಬಾರು ಅಲ್ಲವೇ ಎಂದು ನೀವು ಕೇಳುತ್ತೀರಿ. ಆ ಊರಿನ ಹಿರಿಯರೂ ಕೇಳಿಕೊಂಡಿದ್ದರು. ಅದಕ್ಕೇ ಅವರು ಊರಿಗೊಂದು ಅಳತೆಯನ್ನು ನೇಮಿಸಿದರು. ಅಳತೆ ಎಂದರೆ ಕೋಲಲ್ಲ, ಹಗ್ಗವಲ್ಲ, ಒಬ್ಬ ಮನುಷ್ಯ. ಊರಿನಲ್ಲಿ ಬೆಳೆದು ದೊಡ್ಡವರಾದವರಲ್ಲೆಲ್ಲ ಯಾರು ಗಿಡ್ಡವೋ ಅವರೇ ಅಳತೆ. ಸಂತೆಯ ದಿನ ಬೆಳಿಗ್ಗೆ ಅಳತೆಯವರು ರಾಗಿಯ ರಾಶಿಯ ಮುಂದೆ ನಿಂತು ಕೈ ಎತ್ತಬೇಕು. ರಾಗಿಯ ಬೆಲೆ ಅವರ ಅಂಗೈಗೆ ತಾಗಬೇಕು. ತಾಗಿದರೆ ಊರ ಯಜಮಾನರು ಗಂಟೆ ಹೊಡೆಯುತ್ತಾರೆ, ಸಂತೆ ತೆರೆಯುತ್ತದೆ. ಎಲ್ಲರಿಗಿಂತ ಗಿಡ್ಡ ಕೈಗೆ ರಾಗಿ ಸಿಕ್ಕಿತೆಂದರೆ ಊರಿನ ಎಲ್ಲ ಕೈಗೂ ಸಿಕ್ಕಿತು ಎಂದು ಲೆಕ್ಕ. ಲೆಕ್ಕ ಚೆನ್ನಾಗಿದೆ, ನನಗಂತೂ ಇದಕ್ಕಿಂತ ಒಳ್ಳೆಯದು ಎಲ್ಲೂ ಕಂಡಿಲ್ಲ.

ನಾನು ಹೇಳುವ ಕಾಲದಲ್ಲಿ ಅಳತೆಯಾಗಿದ್ದವಳು ಒಬ್ಬ ಅಜ್ಜಿ. ಅವಳನ್ನು ಎಲ್ಲರೂ ಅಳತೆಯಜ್ಜಿ ಎಂದೇ ಕರೆಯುತ್ತಿದ್ದರು. ಗಿಡ್ಡ, ಗುಂಡಗೆ, ಬಾಯಿ ಮಾತ್ರ ಊರಗಲ. ಸಂತೆಯ ದಿನ ಎಣ್ಣೆ ಹಚ್ಚಿ ತಲೆ ಬಾಚಿಕೊಂಡು, ಒಗೆದ ಸೀರೆಯುಟ್ಟು, ಮದುವೆಗೆ ಹೊರಟವಳ ಗತ್ತಿನಲ್ಲಿ ಬರುವಳು. ಅಜ್ಜಿ ಕೈ ಎತ್ತುವಳು. ಬೆಲೆ ಅಂಗೈಗೆ ಬರುವುದು. ಗಂಟೆ ಆಗುವುದು.

ಬೆಲೆಯನ್ನು ಆ ಅಂಗೈಯವರೆಗೆ ತಂದು ನಿಲ್ಲಿಸುವುದು ಒಬ್ಬಳ ಕೆಲಸ. ಊರಿನ ಸುತ್ತ ಗುಡ್ಡ, ಊರು ಬಟ್ಟಲಿನ ತಳದಲ್ಲಿದ್ದ ಹಾಗೆ. ಅಲ್ಲಿಗೆ ಯಾವ ಗಾಳಿಯೂ ಬರುತ್ತಿರಲಿಲ್ಲ. ಇದ್ದದ್ದು ಒಂದೇ ಗಾಳಿ. ಸಂತೆಮಾಳದ ನಡುವೆ ಕಲ್ಲಿನ ಬುರುಜು, ಅದರ ಮೇಲೆ ತಾಳೆಗರಿಯ ಒಂದು ಭಾರಿ ಬೀಸಣಿಗೆ, ಅದರ ಹಗ್ಗ ಎಳೆಯಲು ಒಬ್ಬ ಹೆಣ್ಣು. ಊರು ಅವಳನ್ನು ಬೀಸುವವಳು ಎನ್ನುತ್ತಿತ್ತು. ಅವಳು ಜೋರಾಗಿ ಬೀಸಿದರೆ ಒಲೆಗಳು ಭಗ್ಗೆನ್ನುವುವು, ಕಮ್ಮಾರನ ಕುಲುಮೆ ಕೆಂಪಾಗುವುದು, ಕಣದಲ್ಲಿ ಹೊಟ್ಟು ಹಾರಿ ಕಾಳು ಉಳಿಯುವುದು, ಜನರ ಕಾಲಿಗೆ ಚುರುಕು ಬರುವುದು. ಅದರ ಜೊತೆಗೇ ಬೆಲೆಗಳೂ ಮೇಲೇರುವುವು. ನಿಧಾನಕ್ಕೆ ಬೀಸಿದರೆ ಬೆಲೆಗಳು ಇಳಿದು ಕೂರುವುವು, ಆದರೆ ಒಲೆಗಳೆಲ್ಲ ಹೊಗೆ ಕಾರುವುವು. ಇವೆರಡರ ನಡುವೆ ಒಂದು ಹದ. ಆ ಹದ ಅವಳ ತೋಳಿಗೆ ಗೊತ್ತಿತ್ತು.

ಸಂಜೆ ಬುರುಜಿನಿಂದಿಳಿದು ಅವಳು ಊಟಕ್ಕೆ ಹೋಗುತ್ತಿದ್ದದ್ದು ಅಳತೆಯಜ್ಜಿಯ ಮನೆಗೇ. ಇಬ್ಬರಿಗೂ ಬೇರೆ ದಿಕ್ಕಿರಲಿಲ್ಲ, ಬೇಕಾಗಿಯೂ ಇರಲಿಲ್ಲ.

"ಇವತ್ತು ನಿನ್ನ ಬೀಸು ಒಸಿ ಜಾಸ್ತಿ ಆಯ್ತು ಕಣವ್ವ," ಎನ್ನುವಳು ಅಜ್ಜಿ, ಮುದ್ದೆ ಇಕ್ಕುತ್ತ. "ಬೆಲೆ ನನ್ನ ಬೆರಳ ತುದೀಲಿ ಆಟ ಆಡ್ತಿತ್ತು. ಅಂಗೈಗೆ ಬರೋಕೆ ಅದೆಷ್ಟು ಬಿಂಕ!"

"ಕುಲುಮೆ ಹತ್ತಲ್ಲ ಅಂತ ಕಮ್ಮಾರ ಗೋಳಾಡ್ದ ಅಜ್ಜಿ. ಪಾಪ ಅಂತ ನಾಲ್ಕು ಬೀಸು ಹೆಚ್ಚಿಗೆ ಹಾಕ್ದೆ."

"ಅವನ ಕುಲುಮೇನೂ ಉರೀಬೇಕು, ನನ್ನ ಹೊಟ್ಟೇನೂ ತುಂಬಬೇಕು. ಅದಕ್ಕೇ ತಾನೆ ನಿನ್ನ ಅಷ್ಟು ಎತ್ತರಕ್ಕೆ ಹತ್ತಿಸಿರೋದು? ಉಣ್ಣು, ಉಣ್ಣು. ನಾಳೆ ಒಸಿ ಕೈ ಬಿಗಿ ಮಾಡು."

ಹೀಗೆ ನಡೆಯುತ್ತಿತ್ತು. ಅಜ್ಜಿ ಕೈ ಎತ್ತುವಳು. ಬೆಲೆ ಅಂಗೈಗೆ ಬರುವುದು. ಗಂಟೆ ಆಗುವುದು.

ಒಂದು ದಿನ ಯಜಮಾನರಿಗೆ ಗುಡ್ಡದಲ್ಲಿ ಬಾಗಿಲು ತೆಗೆಯುವ ಯೋಚನೆ ಬಂತು. ಯಜಮಾನರು ಕೆಟ್ಟವರಲ್ಲ. ಹೊಸದೇನಾದರೂ ಮಾಡದಿದ್ದರೆ ಅವರಿಗೆ ಉಂಡ ಅನ್ನ ಅರಗುತ್ತಿರಲಿಲ್ಲ, ಅಷ್ಟೆ. "ನಮ್ಮೂರ ಸೀರೆ ಎಷ್ಟು ದಿನ ನಮ್ಮೂರೋರೇ ಉಡೋದು? ಆಚೆ ಊರುಗಳಿವೆ, ಆಚೆ ಜನ ಇದ್ದಾರೆ. ಬಾಗಿಲು ತೆಗೆಯೋಣ," ಎಂದರು. ಊರೆಲ್ಲ ಹೋ ಎಂದಿತು. ಪಡುವಣ ಗುಡ್ಡವನ್ನು ಕಡಿದು ಒಂದು ಕಿಂಡಿ ಮಾಡಿದರು. ಕದ ಇಡುವುದು ಮಾತ್ರ ಯಾರಿಗೂ ಹೊಳೆಯಲಿಲ್ಲ. ಹೊಳೆದಿದ್ದರೂ ಅಷ್ಟು ದೊಡ್ಡ ಕದವನ್ನು ಮಾಡುವ ಬಡಗಿ ಎಲ್ಲಿದ್ದ?

ಕಿಂಡಿಯಿಂದ ಎತ್ತುಗಳ ಸಾಲು ಬಂತು, ಸಾಲಿನ ಮುಂದೆ ಹೇರಿನವನು ಬಂದ. ಅವನ ಎತ್ತುಗಳ ಮೇಲೆ ಕನ್ನಡಿ, ಕೊಡೆ, ಗಾಜಿನ ಬಳೆ, ಉಗುರು ತಾಗಿದರೆ ಕಿಣಿ ಎನ್ನುವ ತೆಳು ಬಟ್ಟಲು, ಹೆಸರೇ ಗೊತ್ತಿಲ್ಲದ ಹುಳಿಹಣ್ಣು. ಅವನು ಊರಿನ ಸೀರೆಗಳನ್ನು ಹೇರಿಕೊಂಡು ಹೋದ, ಮತ್ತೆ ಬಂದ, ಮತ್ತೆ ಹೋದ. ನೇಕಾರರ ಮನೆಗಳಲ್ಲಿ ದೀಪಾವಳಿಯಿಲ್ಲದೆಯೂ ಹೋಳಿಗೆಯಾಯಿತು.

ಕಿಂಡಿಯಿಂದ ಅವನ ಹಿಂದೆಯೇ ಗಾಳಿಯೂ ಬಂತು. ಅದು ಆ ಊರು ಕಂಡ ಮೊದಲ ಹೊರಗಾಳಿ. ಗುಡ್ಡದ ನೆತ್ತಿಯಿಂದ ಜಾರಿ, ಮೇಲಿಂದ ಕೆಳಕ್ಕೆ ಒತ್ತುವ ತಂಪು ಗಾಳಿ. ಬೆಲೆಗಳು ಅದರ ಕೆಳಗೆ ತಲೆ ತಗ್ಗಿಸಿದವು. ಅಜ್ಜಿಯ ಅಂಗೈಯಿಂದ ಭುಜಕ್ಕೆ, ಭುಜದಿಂದ ಸೊಂಟಕ್ಕೆ, ಸೊಂಟದಿಂದ ಮಂಡಿಗೆ. ಜನ ಬೆಲೆ ಮುಟ್ಟಲು ಬಗ್ಗಬೇಕಾಯಿತು! ಸೊಂಟ ನೋಯುತ್ತದೆ ಎಂದು ದೂರಿದವರೂ ಇದ್ದರು. ಮನುಷ್ಯನಿಗೆ ದೂರಲು ಏನಾದರೊಂದು ಬೇಕು.

ಕುಂಬಾರನಿಗೆ ಮಾತ್ರ ನಗು ಬರಲಿಲ್ಲ. ಅವನ ಮಡಕೆಯ ಬೆಲೆ ನೆಲಕ್ಕೇ ಬಿದ್ದು ಧೂಳಲ್ಲಿ ಹೊರಳುತ್ತಿತ್ತು. ಕಿಣಿ ಎನ್ನುವ ಬಟ್ಟಲು ಪಕ್ಕದಲ್ಲೇ ಇರುವಾಗ ಅದನ್ನು ಮುಟ್ಟಲು ಯಾರು ಬಗ್ಗುತ್ತಾರೆ? ಅವನು ತಿಗರಿಯನ್ನು ಗೋಡೆಗೆ ಒರಗಿಸಿಟ್ಟು ಹೇರಿನವನ ಎತ್ತುಗಳಿಗೆ ಹುಲ್ಲು ಹಾಕುವ ಕೆಲಸಕ್ಕೆ ಸೇರಿದ. ಊರು ಅದನ್ನು ಗಮನಿಸಲಿಲ್ಲ. ನನಗೆ ಈಗಲೂ ಅದು ಬೇಸರವೇ.

ಊರು ಗಮನಿಸಿದ್ದು ಬೀಸುವವಳನ್ನು. "ಏನು ಕೈಗುಣ! ಏನು ಹದ!" ಎಂದು ಅವಳಿಗೆ ಹಾರ ಹಾಕಿದರು, ಶಾಲು ಹೊದಿಸಿದರು.

"ನಾನೇನೂ ಮಾಡಿಲ್ಲ. ಬೀಸಣಿಗೆ ಮುಟ್ಟೇ ಬಹಳ ದಿನ ಆಯ್ತು," ಎಂದಳು ಅವಳು.

"ನೋಡಿ, ಎಂಥ ವಿನಯ!" ಎಂದು ಇನ್ನೊಂದು ಶಾಲು ಹೊದಿಸಿದರು. ಅವಳು ಮತ್ತೆ ಬಾಯಿ ತೆರೆದಳು, ಶಾಲು ಮುಟ್ಟಿ ನೋಡಿದಳು, ಬಾಯಿ ಮುಚ್ಚಿದಳು. ಒಳ್ಳೆಯ ಶಾಲುಗಳು, ಸುಳ್ಳು ಯಾಕೆ ಹೇಳಲಿ.

ಅಜ್ಜಿ ಮಾತ್ರ ಸಂಜೆ ಕೇಳಿದಳು: "ಇಳಿಸಿದ್ದು ನೀನಲ್ಲ ಅಂದ್ಮೇಲೆ, ಏರಿದಾಗ ಏನು ಮಾಡ್ತೀಯವ್ವ?"

"ಏರಲ್ಲ ಬಿಡಜ್ಜಿ."

ಏರಿತು. ಒಂದು ಮುಂಜಾನೆ ಗಾಳಿ ಮಗ್ಗುಲು ಬದಲಿಸಿತು. ಮೇಲಿಂದ ಒತ್ತುತ್ತಿದ್ದದ್ದು ಈಗ ಕೆಳಗಿನಿಂದ ನುಗ್ಗಿ, ನೆಲ ಗುಡಿಸಿಕೊಂಡು, ಸಂತೆಮಾಳದಲ್ಲಿ ಮೇಲಕ್ಕೆ ಸುಳಿಯಿತು. ಬೆಲೆಗಳು ಮಂಡಿಯಿಂದ ಸೊಂಟಕ್ಕೆ, ಸೊಂಟದಿಂದ ಭುಜಕ್ಕೆ ಎದ್ದವು. ಆಗ ಜನ ಸಂತೋಷಪಟ್ಟರು, ಬಗ್ಗುವುದು ತಪ್ಪಿತೆಂದು. ಭುಜದಿಂದ ನೆತ್ತಿಗೆ ಎದ್ದವು. ಆಗ ಸುಮ್ಮನಾದರು. ಮುಂದಿನ ಸಂತೆಯಲ್ಲಿ ಅಜ್ಜಿ ಕೈ ಎತ್ತಿದಳು. ಬೆಲೆ ಅಂಗೈಗೆ ಬರಲಿಲ್ಲ. ಗಂಟೆ ಆಗಲಿಲ್ಲ.

ಎಲ್ಲರೂ ಬುರುಜಿನ ಕಡೆ ನೋಡಿದರು. ಬೀಸುವವಳು ಬೀಸಣಿಗೆಯನ್ನು ಒಂದಿಷ್ಟೂ ಅಲುಗದ ಹಾಗೆ ಹಿಡಿದಿಟ್ಟಳು. ಹಿಂದೆಲ್ಲ ಹಾಗೆ ಮಾಡಿದರೆ ಬೆಲೆಗಳು ತಾವಾಗಿ ಕೆಳಗಿಳಿಯುತ್ತಿದ್ದವು. ಈಗ ಅವು ಅವಳ ಕಡೆ ತಿರುಗಿಯೂ ನೋಡಲಿಲ್ಲ. ಅವಳು ಬೀಸಣಿಗೆಯನ್ನು ತಲೆಕೆಳಗು ಕಟ್ಟಿ, ಮೇಲಿಂದ ಕೆಳಕ್ಕೆ, ತೋಳು ಬಿದ್ದುಹೋಗುವ ಹಾಗೆ ಬೀಸಿದಳು. ಒಲೆಗಳು ಆರಿದವು, ಕುಲುಮೆ ಬೂದಿಯಾಯಿತು, ಕಮ್ಮಾರ ಬೀದಿಗೆ ಬಂದು ಅವಳ ವಂಶಕ್ಕೆಲ್ಲ ಬೈದ. ಬೆಲೆಗಳು ಒಂದು ಗೇಣು ಬಾಗಿ, ಮತ್ತೆ ನೆಟ್ಟಗಾದವು. ಅಂದು ಸಂತೆ ತೆರೆಯಲಿಲ್ಲ.

ಅವಳು ಹೇರಿನವನನ್ನು ಹಿಡಿದು ಕೇಳಿದಳು. "ಅಣ್ಣಾ, ಈ ಗಾಳಿ ಎಲ್ಲಿಂದ ಬರತ್ತೆ?"

"ಏಳು ಗುಡ್ಡದಾಚೆ ಒಂದು ದೊಡ್ಡೂರಿದೆ ತಾಯಿ. ಅಲ್ಲೂ ಒಂದು ಬೀಸಣಿಗೆ ಇದೆ. ನಿಮ್ಮ ಬುರುಜು, ಬೀಸಣಿಗೆ ಎಲ್ಲ ಸೇರಿಸಿದರೂ ಅದರ ಹಿಡಿಯಷ್ಟಾಗಲ್ಲ."

"ಅದನ್ನ ಬೀಸೋರಿಗೆ ನಮ್ಮ ಮೇಲೆ ಏನು ಸಿಟ್ಟು?"

ಹೇರಿನವನು ನಕ್ಕ. "ಸಿಟ್ಟು ಮಾಡ್ಕೊಳ್ಳೋಕೆ ನೀವಿದ್ದೀರಿ ಅಂತ ಗೊತ್ತಿರಬೇಕಲ್ಲ? ಅವರೂರ ಒಲೆ ಆರಿತ್ತು. ಉರಿಸೋಕೆ ಬೀಸ್ತಿದ್ದಾರೆ. ಮಿಕ್ಕಿದ ಗಾಳಿ ಊರೂರು ತಿರುಗಿ ನಿಮ್ಮ ಕಿಂಡೀಲಿ ಬರ್ತಿದೆ. ಉರಿದ ಮೇಲೆ ನಿಲ್ಲಿಸ್ತಾರೆ. ಯಾವಾಗ ಅಂತ ನನ್ನ ಕೇಳ್ಬೇಡಿ."

ಅಂದರೆ ಬೈಯಲೂ ಯಾರೂ ಸಿಗಲಿಲ್ಲ. ಬೀಸುವವಳಿಗೆ ಅದೇ ಹೆಚ್ಚು ಕಷ್ಟವಾಯಿತು.

ಕಿಂಡಿ ಮುಚ್ಚಿಬಿಡಿ ಎಂದರು ಕೆಲವರು. ನೇಕಾರರು ಹೌಹಾರಿದರು: "ಸೀರೆ ಯಾರು ಉಡ್ತಾರೆ? ನಿಮ್ಮಜ್ಜಿ ಒಬ್ಬಳೇ ಎಷ್ಟು ಅಂತ ಉಡ್ತಾಳೆ?" ಮುಚ್ಚಿ ಎಂದವರ ಹೆಂಡತಿಯರೇ ಕೈಯ ಗಾಜಿನ ಬಳೆ ನೋಡಿಕೊಂಡು ಸುಮ್ಮನಾದರು. ಕಿಂಡಿ ಹಾಗೇ ಉಳಿಯಿತು.

ಅಷ್ಟರಲ್ಲಿ ಸಂತೆ ಕೆಟ್ಟಿತು. ಗಂಟೆಗೆ ಕಾಯದೆ ಜನ ನಸುಕಿಗೇ ಬಂದು ಮುಗಿಬೀಳತೊಡಗಿದರು. ಮುಂದಿನ ಸಲ ಇನ್ನೂ ಎತ್ತರ ಹೋಗುತ್ತದೆ, ಈಗಲೇ ಮುಟ್ಟಿಬಿಡೋಣ ಎಂದು ನೂಕಾಡಿದರು, ಏದುಸಿರು ಬಿಟ್ಟರು, ನಿಯಮ ಮರೆತು ನೆಗೆದರು. ಮಾರುವವರಾದರೂ ಕಡಿಮೆಯೇ? ಬೆವರು ಒರೆಸುವ ನೆಪದಲ್ಲಿ ಹೆಗಲ ಮೇಲಿನ ವಸ್ತ್ರ ತೆಗೆದು, ಸರಕಿನ ಕೆಳಗೆ ಮೆಲ್ಲಗೆ ಒಂದು ಬೀಸು. ಬೆಲೆ ಎತ್ತರವಿದ್ದಷ್ಟೂ ಕೊಳ್ಳುವವರು ಒಪ್ಪಿಸುವುದು ಹೆಚ್ಚು; ಹೇಗಿದ್ದರೂ ಏರುತ್ತದೆ, ನಮ್ಮದೂ ಒಂದು ಇರಲಿ ಎಂದು.

ಅಳತೆಯಜ್ಜಿಗೆ ರಾಗಿ ಸಿಗಲಿಲ್ಲ. ಸಿಕ್ಕದಿದ್ದದ್ದು ಅವಳೊಬ್ಬಳಿಗಲ್ಲ, ಊರಿನ ಗಿಡ್ಡವರಿಗೆಲ್ಲ, ಬಾಗಿದವರಿಗೆಲ್ಲ, ಕೈ ಎತ್ತಿದರೆ ಭುಜ ಹಿಡಿಯುವವರಿಗೆಲ್ಲ. ಬೀಸುವವಳು ಉದ್ದವಿದ್ದಳು, ಅವಳು ಮುಟ್ಟಿ ತಂದ ಒಂದು ಸೇರಿನಲ್ಲೇ ಇಬ್ಬರೂ ಉಣ್ಣುತ್ತಿದ್ದರು. ಮುದ್ದೆ ಚಿಕ್ಕದಾಯಿತು, ಅಜ್ಜಿಯ ಮಾತೂ ಚಿಕ್ಕದಾಯಿತು. ಎರಡನೆಯದಕ್ಕೆ ಬೀಸುವವಳು ಹೆದರಿದಳು.

ಯಜಮಾನರು ಸುಮ್ಮನಿರುವವರಲ್ಲವಲ್ಲ. ಪಂಚಾಯಿತಿ ಸೇರಿಸಿ ಹೇಳಿದರು: "ಗಂಟೆ ಆಗದ ಊರು ಅಂತ ಆಚೆಯೋರು ಆಡ್ಕೊಳ್ತಿದ್ದಾರೆ. ಬೆಲೆ ಇಳಿಯಲ್ಲ ಅಂದ್ರೆ ಕೈ ಏರಲಿ. ಅಳತೆ ಬದಲಾಯಿಸೋಣ. ಊರಿಗೆಲ್ಲ ಉದ್ದನೆಯವನು ಇದ್ದಾನಲ್ಲ, ಅವನು ನಿಲ್ಲಲಿ. ಅವನು ಕೈ ಎತ್ತಿದ ಕೂಡಲೆ ಗಂಟೆ."

ಉದ್ದನೆಯವನು ಹಿಂದಿನ ಸಾಲಿನಲ್ಲಿ, ಬಾಗಿಲ ಪಟ್ಟಿಗೆ ತಲೆ ತಾಗದ ಹಾಗೆ ಕುಗ್ಗಿ ನಿಂತಿದ್ದ. ಮಾತು ಕಡಿಮೆ. "ಯಜಮಾನ್ರೇ, ನನ್ನ ಮನೆಯವಳು ಗಿಡ್ಡ," ಎಂದ.

"ಅದಕ್ಕೂ ಇದಕ್ಕೂ ಏನಯ್ಯ ಸಂಬಂಧ?"

"ಗಂಟೆ ಆಗತ್ತೆ. ಅವಳ ಕೈಗೆ ರಾಗಿ ಎಟುಕಲ್ಲ."

"ಅದೆಲ್ಲ ಆಮೇಲೆ ನೋಡೋಣ. ಬರೋ ಸಂತೇಲಿ ಅಜ್ಜಿ ಪದ್ಧತಿ ಪ್ರಕಾರ ಕೊನೇ ಸಲ ಕೈ ಎತ್ತಲಿ. ಬೆಲೆ ಬಂದ್ರೆ ಅವಳೇ ಅಳತೆ. ಬರದಿದ್ರೆ ನೀನು."

ಅಂದು ಅಜ್ಜಿ ಮುದ್ದೆ ಮುರಿಯದೆ ಕೂತಿದ್ದಳು. ಅಂಗೈಯನ್ನೇ ನೋಡಿಕೊಳ್ಳುತ್ತಿದ್ದಳು.

"ನನ್ನ ತೆಗೆದ್ರೆ ತೆಗೀಲಿ ಕಣವ್ವ," ಎಂದಳು. "ಊರಿನೋರು ನನ್ನ ಕೈ ನೋಡೋದು ಬಿಟ್ಟಮೇಲೆ ನನ್ನಂಥೋರು ಇದ್ದೀವಿ ಅಂತ ಯಾರಿಗೆ ನೆನಪಿರತ್ತೆ? ಗಂಟೆ ಆಗ್ತಿರತ್ತೆ, ನಾವು ಹಸಿದಿರ್ತೀವಿ. ಅದೇ ಹೊಟ್ಟೆ ಉರಿಯೋದು."

ಬೀಸುವವಳು ತನ್ನ ಮುದ್ದೆಯನ್ನು ಅಜ್ಜಿಯ ತಟ್ಟೆಗೆ ಸರಿಸಿದಳು. ಎದ್ದು ಕೈ ತೊಳೆದಳು.

ಮರುದಿನದಿಂದ ಅವಳು ಬುರುಜಿನ ಮೇಲೆ ಸುಮ್ಮನೆ ಕೂತು ನೋಡತೊಡಗಿದಳು. ಬೀಸಲು ಏನೂ ಇಲ್ಲದವಳಿಗೆ ನೋಡುವುದೊಂದೇ ಕೆಲಸ. ನೋಡುತ್ತ ನೋಡುತ್ತ ಒಂದು ಸಂಗತಿ ಕಂಡಿತು. ಮಧ್ಯಾಹ್ನ ಜನ ಉಣ್ಣಲು ನೆರಳಿಗೆ ಸರಿದಾಗ, ಮಾರುವವರು ತೂಕಡಿಸುವಾಗ, ಬೆಲೆಗಳು ಮೆಲ್ಲಗೆ ಇಳಿಯುತ್ತಿದ್ದವು. ಕಿಂಡಿಯ ಗಾಳಿ ಬೀಸುತ್ತಲೇ ಇತ್ತು, ಒಂದಿಷ್ಟೂ ಕಡಿಮೆಯಾಗಿರಲಿಲ್ಲ. ಆದರೂ ಇಳಿಯುತ್ತಿದ್ದವು. ಜನ ಕೈ ತೊಳೆದು ಮತ್ತೆ ಮುಗಿಬಿದ್ದ ಕೂಡಲೆ, ನೆಗೆತಕ್ಕೆ, ನೂಕಿಗೆ, ಏದುಸಿರಿಗೆ, ವಸ್ತ್ರದ ಕಳ್ಳಬೀಸಿಗೆ, ಪುಸುಪುಸು ಎಂದು ಮತ್ತೆ ಮೇಲೆ.

ಅವಳು ಎದ್ದು ನಿಂತಳು. ಹೊರಗಿನ ಗಾಳಿ ಎತ್ತಿದ್ದು ಸ್ವಲ್ಪ. ಮಿಕ್ಕಿದ್ದೆಲ್ಲ ಇವರದೇ ಉಸಿರು! ಬೆಲೆ ಏರುತ್ತದೆ ಎಂಬ ಭಯಕ್ಕೆ ಉಸಿರು ಬಿಡುತ್ತಾರೆ, ಆ ಉಸಿರಿಗೇ ಬೆಲೆ ಏರುತ್ತದೆ. ಅವಳಿಗೆ ನಗು ಬಂತು, ಸಿಟ್ಟೂ ಬಂತು, ಬುರುಜಿನ ಮೆಟ್ಟಿಲನ್ನು ಅಷ್ಟು ಬೇಗ ಅವಳು ಎಂದೂ ಇಳಿದಿರಲಿಲ್ಲ.

ಸಂತೆಯ ದಿನ ಬಂತು. ಹುಳಿಹಣ್ಣು ಮಾರುವವಳಿಂದ ಹಿಡಿದು ಕಮ್ಮಾರನವರೆಗೆ ಎಲ್ಲರೂ ಸೇರಿದರು. ಯಜಮಾನರು ಗಂಟೆಯ ಹಗ್ಗದ ಪಕ್ಕದಲ್ಲಿ, ಅವರ ಪಕ್ಕದಲ್ಲಿ ಉದ್ದನೆಯವನು, ಹಬ್ಬದ ಅಂಗಿ ತೊಡಿಸಿಕೊಂಡು, ಮುಖ ಸಣ್ಣ ಮಾಡಿಕೊಂಡು. ರಾಗಿಯ ಬೆಲೆ ಅವನು ಎತ್ತುವ ಕೈಗೆ ಸರಿಯಾಗಿ ಮೇಲೆ ತೊಯ್ದಾಡುತ್ತಿತ್ತು. ಅಳತೆಯಜ್ಜಿ ತಲೆ ಬಾಚಿಕೊಂಡು, ಒಗೆದ ಸೀರೆಯುಟ್ಟು ಬಂದಳು. ಗತ್ತು ಒಂದು ಚೂರೂ ಕಡಿಮೆಯಿರಲಿಲ್ಲ.

ಅವಳ ಪಕ್ಕಕ್ಕೆ ಬೀಸುವವಳು ಬಂದು ನಿಂತಳು. ಸಂತೆಯ ಹೊತ್ತಿನಲ್ಲಿ ಬೀಸುವವಳು ನೆಲದ ಮೇಲೆ! ಜನ ಬಾಯಿ ಬಿಟ್ಟುಕೊಂಡು ನೋಡಿದರು.

"ಕೇಳಿ," ಎಂದಳು. "ಕಿಂಡಿ ಗಾಳಿ ನನ್ನ ಕೈಲಿಲ್ಲ. ಅವತ್ತು ಇಳಿಸಿದ್ದು ನಾನಲ್ಲ, ಇವತ್ತು ಏರಿಸಿದ್ದೂ ನಾನಲ್ಲ."

"ಹಂಗಾದ್ರೆ ಆ ಶಾಲುಗಳು?" ಎಂದ ಕಮ್ಮಾರ.

"ತಗೊಂಡೆ. ಚೆನ್ನಾಗಿದ್ವು. ಬೇಕಾದ್ರೆ ವಾಪಸು ಕೊಡ್ತೀನಿ, ಒಂದಕ್ಕೆ ಮಾತ್ರ ಸಾರು ಬಿದ್ದಿದೆ."

ಜನ ನಕ್ಕರು. ನಗುವಿಗೆ ಬೆಲೆಗಳು ಇನ್ನೊಂದು ಗೇಣು ನೆಗೆದವು. ಅವಳು ಬೆರಳು ತೋರಿಸಿದಳು. "ನೋಡಿದ್ರಾ? ನೋಡಿದ್ರಾ ಈಗ? ಅದು ಕಿಂಡಿ ಗಾಳಿನಾ? ಅದು ನಿಮ್ಮ ಗಾಳಿ. ಏಳು ಗುಡ್ಡದಾಚೆಯೋರ ಪಾಲು ಒಂದಿಷ್ಟಿದೆ, ಇಲ್ಲ ಅನ್ನಲ್ಲ. ಮಿಕ್ಕಿದ್ದು ನೀವು ನೆಗೆದದ್ದು, ನೀವು ನೂಕಿದ್ದು, ನೀವು ವಸ್ತ್ರ ಬೀಸಿದ್ದು. ಅಜ್ಜಿ ಕೈ ಎತ್ತೋಷ್ಟು ಹೊತ್ತು, ಅಷ್ಟೇ ಹೊತ್ತು, ವಸ್ತ್ರ ಕೆಳಗಿಡಿ. ಅಲುಗಾಡಬೇಡಿ. ಉಸಿರು ಹಿಡೀರಿ."

ಸಂತೆಯಲ್ಲಿ ಗುಸುಗುಸು ಎದ್ದಿತು. ಬೆಲ್ಲದವಳು ಕೇಳಿದಳು: "ಅಲ್ಲ ಕಣಮ್ಮ, ನಾನು ಹಿಡಿದು ಪಕ್ಕದೋನು ಹಿಡೀದಿದ್ರೆ? ನಂದು ಇಳಿಯತ್ತೆ, ಅವಂದು ಮೇಲೇ ಇರತ್ತೆ. ನಾನೇನು ಪೆದ್ದಿನಾ?"

ಪಕ್ಕದವನೂ ಅದನ್ನೇ ಕೇಳಿದ. ಅವನ ಪಕ್ಕದವನೂ. ಒಳ್ಳೆಯ ಪ್ರಶ್ನೆ. ಬೀಸುವವಳು ಎದೆ ತುಂಬ ಉಸಿರೆಳೆದು, ಬಾಯಿ ಬಿಗಿದು ನಿಂತುಬಿಟ್ಟಳು. ಕೆನ್ನೆ ಉಬ್ಬಿತು. ಯಾರು ಏನು ಕೇಳಿದರೂ ಕಣ್ಣು ಮಾತ್ರ ಮಿಟುಕಿಸಿದಳು.

ಉದ್ದನೆಯವನು ಅವಳನ್ನು ನೋಡಿದ, ಗುಂಪಿನಲ್ಲಿ ತನ್ನ ಗಿಡ್ಡ ಹೆಂಡತಿಯನ್ನು ನೋಡಿದ. ಉಸಿರು ಎಳೆದುಕೊಂಡ. ಹೆಂಡತಿ ಎಳೆದುಕೊಂಡಳು. ಎತ್ತುಗಳ ಹತ್ತಿರ ಕುಂಬಾರ ಎಳೆದುಕೊಂಡ. ಬೆಲ್ಲದವಳು ಎಡಗಡೆ ನೋಡಿದಳು, ಬಲಗಡೆ ನೋಡಿದಳು, "ಹಾಳಾಗಿ ಹೋಗ್ಲಿ" ಎಂದು ವಸ್ತ್ರ ಕೆಳಗಿಟ್ಟು ಎಳೆದುಕೊಂಡಳು. ಪಕ್ಕದವನು ಎಳೆದುಕೊಂಡ. ಅವನ ಪಕ್ಕದವನೂ. ನೇಕಾರರು, ಕಮ್ಮಾರ, ಸುಮ್ಮನೆ ನೋಡಲು ಬಂದಿದ್ದ ಹೇರಿನವನು. ಕೊನೆಗೆ ಊರೆಲ್ಲ ಹಿಡಿದಿರುವಾಗ ತಾವೊಬ್ಬರೇ ಬಿಡುವುದು ಗೌರವವಲ್ಲವೆಂದು ಯಜಮಾನರು ಎರಡೂ ಕೈಯಿಂದ ಮೂಗು ಒತ್ತಿಹಿಡಿದರು.

ಸಂತೆ ನಿಂತಿತು. ಎತ್ತಿನ ಕೊರಳ ಗೆಜ್ಜೆ ನಿಂತಿತು. ಅಷ್ಟು ಜನರ ನಡುವೆ ಅಂಥ ನಿಶ್ಶಬ್ದವನ್ನು ಯಾರೂ ಕೇಳಿರಲಿಲ್ಲ.

ಬೆಲೆಗಳು ಒಮ್ಮೆ ತಬ್ಬಿಬ್ಬಾದವು. ಎತ್ತಿ ಹಿಡಿದಿದ್ದ ಕೈ ಬಿಟ್ಟುಹೋದ ಹಾಗೆ ತೂಗಾಡಿದವು. ಆಮೇಲೆ ಇಳಿಯತೊಡಗಿದವು. ಬೆಲ್ಲದ್ದು ಇಳಿಯಿತು, ಸೀರೆಯದು ಇಳಿಯಿತು, ಬಟ್ಟಲಿನದು ಇಳಿಯಿತು. ರಾಗಿಯ ಕಂದು ಉಂಡೆ ಉದ್ದನೆಯವನ ನೆತ್ತಿಯನ್ನು ದಾಟಿ, ಹಣೆಯನ್ನು ದಾಟಿ, ಮೂಗಿನ ಮುಂದೆಯೇ ಜಾರಿ ಕೆಳಗೆ ಬಂತು.

ಅಜ್ಜಿ ಕೈ ಎತ್ತಿದಳು.

ಬೆಲೆ ಅಂಗೈಯವರೆಗೆ ಬಂತು. ಅಂಗೈಗೆ ಬರಲಿಲ್ಲ. ಒಂದು ಬೆರಳಿನಷ್ಟು ಮೇಲೆ ನಿಂತುಕೊಂಡಿತು. ಅದರಿಂದ ಕೆಳಗಿಳಿಯಲಿಲ್ಲ. ಅದು ಕಿಂಡಿಯ ಪಾಲು, ಏಳು ಗುಡ್ಡದಾಚೆಯವರ ಪಾಲು. ಅಜ್ಜಿ ಹಿಮ್ಮಡಿ ಊರಿ, ಭುಜ ಬಿಗಿದು, ಅಂಗೈಯನ್ನು ಇನ್ನಷ್ಟು ಮೇಲೆತ್ತಿದಳು. ಇಲ್ಲ. ಹಿಂದಿನ ಸಾಲಿನಲ್ಲಿ ಯಾರದೋ ಮುಖ ನೀಲಿಯಾಗತೊಡಗಿತ್ತು. ಇನ್ನು ಸ್ವಲ್ಪ ಹೊತ್ತು ಮಾತ್ರ.

ಬೀಸುವವಳು ಅಷ್ಟು ದೊಡ್ಡ ಬೀಸಣಿಗೆಯನ್ನು ತೋಳು ಬೀಳುವಷ್ಟು ಬೀಸಿ ಸೋತವಳು. ಆಗ ಊರಿಗೆ ಊರೇ ಎದುರು ಬೀಸುತ್ತಿತ್ತು. ಈಗ ಯಾರೂ ಬೀಸುತ್ತಿರಲಿಲ್ಲ. ಅವಳು ಸೆರಗಿನ ತುದಿಯನ್ನು ಎರಡು ಬೆರಳಲ್ಲಿ ಹಿಡಿದು, ಮಲಗಿದ ಮಗುವಿನ ಮುಖದಿಂದ ನೊಣ ಓಡಿಸುವಷ್ಟೇ ಮೆಲ್ಲಗೆ, ಮೇಲಿಂದ ಕೆಳಕ್ಕೆ ಒಂದು ಸಲ ಬೀಸಿದಳು.

ಬೆಲೆ ಅಂಗೈಗೆ ಬಂತು.

ಎಷ್ಟೋ ಸಂತೆಗಳ ಮೇಲೆ ತಾಗಿದ್ದು; ಅಜ್ಜಿ ಅದನ್ನು ಅಂಗೈಯಲ್ಲಿ ಇಟ್ಟುಕೊಂಡೇ ಇದ್ದಳು. ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲು ಹೋಗಲಿಲ್ಲ. ಆಮೇಲೆ ಸುತ್ತ ನೋಡಿದಳು. ಊರಿಗೆ ಊರೇ ಕೆನ್ನೆ ಉಬ್ಬಿಸಿಕೊಂಡು, ಕಣ್ಣು ಹೊರಬಂದು, ಅವಳ ಬಾಯನ್ನೇ ನೋಡುತ್ತಿತ್ತು.

"ಬಿಡ್ರಪ್ಪ ಉಸಿರು, ತಾಗಿದೆ," ಎಂದಳು. "ಯಜಮಾನಪ್ಪ, ನೀನು ಮೂಗು ಬಿಟ್ಟು ಗಂಟೆ ಹೊಡಿ."

ಗಂಟೆ ಆಯಿತು. ಊರು ಉಸಿರು ಬಿಟ್ಟಿತು. ಅದೇನು ಸಣ್ಣ ಉಸಿರೇ? ಟೋಪಿಗಳು ಹಾರಿದವು, ಬೆಲೆಗಳೆಲ್ಲ ಒಟ್ಟಿಗೆ ಮೇಲೆದ್ದವು. ಜನ ಗಾಬರಿಯಿಂದ ಕತ್ತೆತ್ತಿದರು. ಎಲ್ಲರ ಹಿಮ್ಮಡಿಯೂ ನೆಲ ಬಿಡಲು ಸಿದ್ಧವಾಯಿತು. ಇನ್ನೇನು ನೆಗೆಯಬೇಕು, ಅಷ್ಟರಲ್ಲಿ ಒಬ್ಬರಾದ ಮೇಲೊಬ್ಬರು ಕಂಡದ್ದು ಒಂದನ್ನೇ. ಅಳತೆಯಜ್ಜಿ ಕೈ ಇಳಿಸಿರಲಿಲ್ಲ.

"ಇನ್ನಾದ್ರೂ ಕೈ ಇಳಿಸಜ್ಜಿ," ಎಂದಳು ಬೀಸುವವಳು, ಏದುಸಿರಿನ ನಡುವೆ. "ಗಂಟೆ ಆಯ್ತಲ್ಲ."

"ಕಿಂಡಿ ಗಾಳಿ ನಿಂತಿಲ್ವಲ್ಲವ್ವ. ಬೆಲೆ ಮತ್ತೆ ಇಲ್ಲಿಗೇ ಇಳಿದು ಬರತ್ತೆ ಅಂತ ಇವರಿಗೆ ಗೊತ್ತಿರಲಿ," ಎಂದಳು ಅಜ್ಜಿ. "ನಾನು ನಿಂತಿರ್ತೀನಿ. ನೀನು ಹೋಗಿ ನನ್ನ ಸೇರು ರಾಗಿ ಅಳೆಸ್ಕೊ. ಕಲ್ಲು ನೋಡಿ ತಗೋ."

ಬೀಸುವವಳು ಚೀಲ ತೆಗೆದುಕೊಂಡು ಹೋದಳು. ಜನ ಮೇಲೆ ನೋಡುವುದನ್ನು ಬಿಟ್ಟು ಆ ಗಿಡ್ಡ ಕೈಯನ್ನೇ ನೋಡುತ್ತ, ಹಿಮ್ಮಡಿ ಊರಿಕೊಂಡು, ಬೆಲೆಗಳು ಇಳಿದು ಬರುವವರೆಗೆ ಕಾದರು.